ಹಾಡಿನಲ್ಲಿ ಸತ್ತ ಐಲಿ

ಬೆಳಗಿನ ಜಾವ. ವಿಲಪಾ ಕೊಲ್ಲಿಯ ನೀರು ಇಳಿದಿದೆ. ದಡದ ಶೆಡ್ಡಿನಲ್ಲಿ ಐಲಿ ಕಂಗಾಸ್ ರಬ್ಬರ್ ಬೂಟು ತೊಟ್ಟು ಸಿಂಪಿ ಬಿಡಿಸುತ್ತಿದ್ದಾರೆ. ಚಾಕುವಿನ ಮೊನೆ ಸಂದಿಗೆ ಹೋಗುತ್ತದೆ, ಮಣಿಕಟ್ಟು ಒಮ್ಮೆ ತಿರುಗುತ್ತದೆ. ಮಾಂಸ ಬಕೆಟ್ಟಿಗೆ, ಚಿಪ್ಪು ಹೊರಗಿನ ರಾಶಿಗೆ. ಬಾಗಿಲಲ್ಲಿ ಹರಿದ ಜೀನ್ಸಿನ ಇಬ್ಬರು ಹುಡುಗಿಯರು ಹೂಗುಚ್ಛ ಹಿಡಿದು ನಿಂತಿದ್ದಾರೆ. ಸ್ಪೋಕೇನ್‌ನಿಂದ ಅಂದರೆ ರಾಜ್ಯದ ಇನ್ನೊಂದು ತುದಿಯಿಂದ, ಇಷ್ಟು ದೂರ ಬಂದವರು.

"ಆ ಮುದುಕಿ ಸತ್ತಿದ್ದು ಎಲ್ಲಿ?" ಒಬ್ಬಳು ಮೆಲ್ಲಗೆ ಕೇಳುತ್ತಾಳೆ.

"ಇಲ್ಲೇ ಕಣಮ್ಮ. ಹೂವನ್ನ ಆ ಬಕೆಟ್‌ನಲ್ಲಿಡು, ನೀರಿದೆ," ಎನ್ನುತ್ತಾರೆ ಐಲಿ, ತಲೆ ಎತ್ತದೆ. ಪಕ್ಕದಲ್ಲಿ ಕೆಲಸ ಮಾಡುವ ಬರ್ನೀಸ್ ನಗು ತಡೆಯಲಾರದೆ ಕೆಮ್ಮುತ್ತಾರೆ.

'ಒದ್ದೆ ಪ್ಲೈವುಡ್' ತಂಡದ ಗ್ರಂಜ್ ರಾಕ್ ಆಲ್ಬಮ್ಮಿನ ಏಳನೆಯ ಹಾಡು ಕೇಳದವರು ಈ ಕಡೆ ಯಾರಿದ್ದಾರೆ? ತೊಂಬತ್ತೆರಡರಲ್ಲಿ ತಂಡದ ನಾಲ್ವರು ಹುಡುಗರು ಅಭ್ಯಾಸ ಮಾಡಿ ಹಾಡು ಧ್ವನಿಮುದ್ರಿಸಿಕೊಂಡದ್ದು ಇದೇ ಶೆಡ್ಡಿನ ಅಟ್ಟದಲ್ಲಿ. ಗದ್ದಲಕ್ಕೆ ಬೈಯುತ್ತಿದ್ದವರು ಐಲಿ ಒಬ್ಬರೇ. ಹಾಡಿನ ಮೊದಲಿಗೆ ಕೇಳುವ ಕಟಕಟ ಸದ್ದು ಡ್ರಮ್ಮಿನದಲ್ಲ, ಇವರ ಚಾಕುವಿನದು. ಕತೆಯೂ ಇವರದೇ. ಒಂಟಿ ಮುದುಕಿಯೊಬ್ಬಳು ಸಿಂಪಿ ಬಿಡಿಸುತ್ತಾಳೆ, ಕೊನೆಯ ಚರಣದಲ್ಲಿ ಚಿಪ್ಪಿನ ರಾಶಿಯ ಮೇಲೆ ಕಾಲು ಜಾರಿ ನೀರುಪಾಲಾಗುತ್ತಾಳೆ. ಎರಡು ವರ್ಷದಿಂದ ರೇಡಿಯೊ ಹಾಕಿದಾಗಲೆಲ್ಲ ಐಲಿ ಸಾಯುತ್ತಲೇ ಇದ್ದಾರೆ.

ನಿಜದ ಐಲಿ ಒಂಟಿಯೇನಲ್ಲ. ಗಂಡ ತೀರಿಕೊಂಡಿದ್ದಾರೆ, ಆದರೆ ತಂಗಿಯ ಸಂಸಾರವಿದೆ, ಶನಿವಾರದ ಹಬೆಸ್ನಾನವಿದೆ, ಅರ್ಧ ಊರೇ ನೆಂಟರು. ಹದಿನೇಳಕ್ಕೆ ಚಾಕು ಹಿಡಿದವರಿಗೆ ಈಗ ಅರವತ್ತೊಂದು. ಒಮ್ಮೆ ಅಂಗೈ ಸೀಳಿದಾಗ ಹೊಲಿಗೆ ಹಾಕಿಸಿಕೊಂಡು ಮಧ್ಯಾಹ್ನವೇ ಕೆಲಸಕ್ಕೆ ಮರಳಿದ್ದರು. ಇವತ್ತಿಗೂ ದಿನಕ್ಕೆ ಹತ್ತು ಗ್ಯಾಲನ್ ಮಾಂಸ ಬಿಡಿಸುತ್ತಾರೆ.

ಸಾಯಿಸಿದ್ದಕ್ಕೆ ಸಿಟ್ಟಿಲ್ಲವೇ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಕೇಳುತ್ತೇನೆ.

"ಸಾಯಿಸ್ಲಿ ಬಿಡಿ, ಹೂವಾದ್ರೂ ಬರುತ್ತೆ. ಆದ್ರೆ ಜಾರಿದ್ಲು ಅಂತ ಯಾಕೆ ಹಾಡ್ಬೇಕು? ದೋಣಿಯಿಂದ ಬುಟ್ಟಿ ತರೋಕೆ ದಿನಾ ಈ ರಾಶಿ ಹತ್ತಿ ಇಳೀತೀನಿ. ಒಂದ್ಸಲಾನೂ ಜಾರಿಲ್ಲ. ಈಗ ನಿನ್ನೆ ಮೊನ್ನೆ ಕೆಲ್ಸಕ್ಕೆ ಸೇರಿದವ್ರು ನನ್ನ ಕೈ ಹಿಡಿದು ದಾಟಿಸೋಕೆ ಬರ್ತಾರೆ."

ಹಾಡು ಕೇಳಿ ಕೇಳಿ ಶೆಡ್ಡಿನ ಮೇಸ್ತ್ರಿಗೂ ಹೆದರಿಕೆ ಹತ್ತಿದೆ. ಸೋಮವಾರದಿಂದ ಚಾಕು, ಬುಟ್ಟಿ ಬಿಟ್ಟು ಒಳಗೆ ಕೂತು ಡಬ್ಬಿಗೆ ಮುಚ್ಚಳ ಹಾಕಿ ಎಂದಿದ್ದಾನೆ. ಇದನ್ನು ಹೇಳುವಾಗ ಐಲಿಯ ದನಿ ಗಡುಸಾಗುತ್ತದೆ.

ಅಷ್ಟರಲ್ಲಿ ಹಾಡು ಕಟ್ಟಿದ ವೇಡ್ ಕಾಫಿ ಹಿಡಿದು ಬರುತ್ತಾನೆ. ನಾಳೆ ಊರ ಸಭಾಭವನದಲ್ಲಿ ತಂಡದ ಕಾರ್ಯಕ್ರಮ.

"ಆಂಟಿ, ನಾಳೆ ನಿಮ್ಮನ್ನ ಬದುಕಿಸ್ಬಿಡ್ತೀನಿ."

"ಬೇಡಪ್ಪ, ಬದುಕಿದ್ರೆ ಹಾಡು ಸಪ್ಪೆ. ಅಲೆ ಎಳ್ಕೊಂಡು ಹೋಯ್ತು ಅನ್ನು, ಸಾಕು."

"ಈ ಕೊಲ್ಲೀಲಿ ಅಷ್ಟು ದೊಡ್ಡ ಅಲೆ ಎಲ್ಲಿದೆ ಆಂಟಿ? ಇಲ್ನೋಡಿ," ಎಂದು ನೀರು ತೋರಿಸಲು ವೇಡ್ ಸರಸರನೆ ರಾಶಿ ಹತ್ತುತ್ತಾನೆ. ಮೂರನೆಯ ಹೆಜ್ಜೆಗೆ ಬೂಟು ಜಾರಿ, ಕಾಫಿ ಸಮೇತ ಆಚೆ ಕೆಸರಿಗೆ ಉರುಳುತ್ತಾನೆ. ಮೇಸ್ತ್ರಿ ಓಡಿ ಬಂದು ರಾಶಿಯ ಬುಡದಲ್ಲೇ ನಿಲ್ಲುತ್ತಾನೆ, ಹತ್ತುವ ಧೈರ್ಯವಿಲ್ಲ. ಐಲಿ ಚಾಕು ಕೆಳಗಿಟ್ಟು, ಅಂಗಳದಲ್ಲಿ ನಡೆದಷ್ಟು ಸಲೀಸಾಗಿ ದಾಟಿ ಹೋಗಿ, ಅವನ ತೋಳು ಹಿಡಿದು ಎತ್ತುತ್ತಾರೆ. ಮೇಸ್ತ್ರಿ ಡಬ್ಬಿಯ ಸುದ್ದಿಯನ್ನೇ ಎತ್ತದೆ ಒಳಗೆ ಹೋಗುತ್ತಾನೆ.

"ಹಾಗಾದ್ರೆ ಕೊನೇಲಿ ನೀವು ಸಾಯೋದು ಹೇಗೆ?" ಕೆಸರು ಒರೆಸಿಕೊಳ್ಳುತ್ತ ವೇಡ್ ಕೇಳುತ್ತಾನೆ.

ಐಲಿ ಮತ್ತೆ ರಾಶಿ ದಾಟಿ ಬಂದು ಚಾಕು ಎತ್ತಿಕೊಳ್ಳುತ್ತಾರೆ.

"ಜಾರಿ ಬಿದ್ದವನನ್ನ ಎತ್ತೋಕೆ ಹೋಗಿ ಸತ್ಲು ಅನ್ನು. ಅದನ್ನ ಊರು ನಂಬುತ್ತೆ."