ತುಟಿಗೆ ಚುಚ್ಚುವ ಗರಿ

ವೈಟ್‌ಫೀಲ್ಡ್ ರಸ್ತೆಯ ಕೋಳಿ ಅಂಗಡಿಯ ಮುಂದೆ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನು ನಿಂತು ಉಸಿರೆಳೆದುಕೊಳ್ಳುತ್ತೇನೆ. ಬಿಸಿನೀರಲ್ಲಿ ನೆನೆದ ಗರಿಯ ಆ ವಾಸನೆಗೆ ಕುಂದಲಹಳ್ಳಿಯ ನಮ್ಮ ಹೆಂಚಿನ ಮನೆ, ಅದರ ಜಗಲಿ, ಜಗಲಿಯ ಮೇಲೆ ನ್ಯಾಯಾಧೀಶರ ಗಾಂಭೀರ್ಯದಲ್ಲಿ ಕೂತ ದೊಡ್ಡಪ್ಪ, ಎಲ್ಲ ಎದ್ದು ಬರುತ್ತವೆ. ದೊಡ್ಡಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮದು ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆತನ. ಅಂಥವರಿಗೆ ಕಾರ್ಖಾನೆಗೆ ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ತಮ್ಮ ಗಾಳದ ಕೋಲನ್ನೂ, ಗಾಳಕ್ಕೆ ಗರಿ ಸುತ್ತಿ ಮೀನಿನ ಕಣ್ಣಿಗೆ ನೊಣದಂತೆ ಕಾಣುವ ಹಾಗೆ ಮಾಡುವ ವಿದ್ಯೆಯನ್ನೂ ದಾನ ಮಾಡಿ ಹೋದರು. ಹುಳು ಕೊಲ್ಲುವಂತಿಲ್ಲ, ಹಿಡಿದ ಮೀನನ್ನು ನೀರಿಗೇ ಬಿಡಬೇಕು. ಇಷ್ಟು ಮಡಿವಂತ ಬೇಟೆ ಇನ್ನೊಂದಿಲ್ಲವೆಂದು ದೊಡ್ಡಪ್ಪನ ವಾದ. ಮೀನುಗಳೂ ಮಡಿಯಿಂದ ದೂರವೇ ಉಳಿದಿದ್ದವು.

ಪಕ್ಕದ ಮನೆಯ ಮುನಿಯಪ್ಪನ ಹುಂಜ ಉದುರಿಸಿದ ಕತ್ತಿನ ಗರಿಗಳನ್ನು ನಾನು ಹೆಕ್ಕಿ ತರುತ್ತಿದ್ದೆ. ದೊಡ್ಡಪ್ಪ ಒಂದೊಂದನ್ನೂ ಬಿಸಿಲಿಗೆ ಹಿಡಿದು, ಎಳೆಗಳನ್ನು ಹಿಂದಕ್ಕೆ ಸವರಿ, ತಮಗೆ ಮೀಸೆ ಅಡ್ಡ ಬರುವುದರಿಂದ ನನ್ನ ಮೇಲ್ದುಟಿಗೆ ತಾಗಿಸುವರು. ಕಚಗುಳಿಯಿಟ್ಟರೆ ಮೆತ್ತನೆಯ ಗರಿ, ನೀರು ಕುಡಿದು ಮುಳುಗುತ್ತದೆ. ಚುಚ್ಚಿದರೆ ಬಿರುಸಾದ ಗರಿ, ತೇಲುತ್ತದೆ; ತೇಲುವ ನೊಣಕ್ಕಷ್ಟೇ ಮೀನು ಬಾಯಿ ಹಾಕುವುದು. ಒಂದು ಶನಿವಾರ ಈ ಪರೀಕ್ಷೆ ದೊಡ್ಡಮ್ಮನ ಕಣ್ಣಿಗೆ ಬಿತ್ತು.

"ಹೆಣ್ಣುಮಗು ಬಾಯಿಗೆ ಕೋಳಿ ಪುಕ್ಕ ಇಡ್ತೀರಲ್ಲ, ನಾಚ್ಕೆ ಆಗಲ್ವಾ? ನಾಳೆ ಮೀನು ಬರ್ಲಿಲ್ಲ ಅಂದ್ರೆ ಆ ಕೋಲು ಬಟ್ಟೆ ಒಣಗ್ಹಾಕಕ್ಕೆ. ಆಯ್ತಾ?"

ಸೊಂಟದಲ್ಲಿ ಸೆರಗು ಸಿಕ್ಕಿಸಿಕೊಂಡು ಆಡಿದ ಮಾತಿಗೆ ಮೇಲ್ಮನವಿಯಿರಲಿಲ್ಲ. ಆದರೂ ನನ್ನ ಬಾಯಿಯ ಮೇಲಿನ ಕಾಳಜಿಯಿಂದ ದೊಡ್ಡಮ್ಮ ಆರಿಸಿಟ್ಟ ಗರಿಗಳನ್ನು ಸೀಗೆಪುಡಿ ಹಾಕಿ ತೊಳೆದರು, ಸಾಂಬ್ರಾಣಿ ಹೊಗೆ ಕೊಟ್ಟರು. ಗರಿ ಒರಟೊರಟಾಗಿ ಕಂಡಿತೇನೋ, ನನ್ನ ತಲೆಗೆ ಹಚ್ಚಿದ ಕೈಯಲ್ಲೇ ಅವಕ್ಕೂ ಹರಳೆಣ್ಣೆ ಸವರಿಬಿಟ್ಟರು.

"ಕೆಟ್ಟೆ ಕಣೇ, ಗರಿ ಮೆತ್ತಗಾಗೋಯ್ತು" ಎಂದರು ದೊಡ್ಡಪ್ಪ. ಬೇರೆ ಗರಿಯಿರಲಿಲ್ಲ. ಅದನ್ನೇ ಸುತ್ತಿದರು.

ಭಾನುವಾರ ಕೆರೆ ಏರಿಯ ಮೇಲೆ ಎರೆಹುಳು ಹಿಡಿದು ಕೂತಿದ್ದ ಮುನಿಯಪ್ಪ, "ಏನ್ ಸಾಮಿ, ಇವತ್ತೂ ಮೀನ್ಗೆ ಉಪಾಸಾನಾ?" ಎಂದ. ದೊಡ್ಡಪ್ಪ ಗಾಳ ಎಸೆದರು. ಹಿಂದಿನ ನೊಣಗಳೆಲ್ಲ ತುಸು ತೇಲಿ ಮುಳುಗಿದ್ದ ಅದೇ ನೀರಿನ ಮೇಲೆ, ಎಣ್ಣೆ ಕುಡಿದ ಈ ನೊಣ ಒಂದು ಹನಿಯನ್ನೂ ಒಳಗೆ ಬಿಡದೆ, ಹಸೆಮಣೆ ಏರಿದ ಮದುಮಗನಂತೆ ಕೂತಿತು. ನೀರು ಸೀಳಿತು. ಕೋಲು ಬಾಗಿತು. ಪಂಚೆ ಎತ್ತಿಕಟ್ಟಿ ನೀರಿಗಿಳಿದ ದೊಡ್ಡಪ್ಪ ಗೇಣುದ್ದದ ಮೀನನ್ನು ಸಾಮ್ರಾಜ್ಯ ಗೆದ್ದವರಂತೆ ಮೇಲೆತ್ತಿದರು.

"ಬಿಡ್ಬ್ಯಾಡಿ ಸಾಮಿ!" ಮುನಿಯಪ್ಪ ಓಡಿಬಂದ.

"ಬಿಡಕ್ಕೇ ಕಣಯ್ಯ ಹಿಡಿದಿದ್ದು!" ಎಂದು ದೊಡ್ಡಪ್ಪ ಮೀನನ್ನು ನೀರಿಗೆ ಜಾರಿಸಿದರು.

ಮನೆಗೆ ನಮ್ಮ ಮೆರವಣಿಗೆ ಹೋಯಿತು, ಮುನಿಯಪ್ಪನೇ ಡಂಗುರ. ದೊಡ್ಡಮ್ಮ ದೃಷ್ಟಿ ತೆಗೆದು, "ನನ್ ಎಣ್ಣೆ ಕಣ್ರೀ" ಎಂದರು. ಅಂದಿನಿಂದ ಕೋಲು ನಡುಮನೆಯ ಗೋಡೆಯೇರಿತು. ಬಟ್ಟೆಗೆ ಹಗ್ಗ ಬಂತು.

ಮನೆಯಿದ್ದಲ್ಲಿ ಈಗ ಗಾಜಿನ ಕಟ್ಟಡ. ಕೆರೆಗೆ ಬೇಲಿ. ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಇಲ್ಲ. ಮೊನ್ನೆ ಅಂಗಡಿಯವನಲ್ಲಿ ನಾಟಿ ಹುಂಜದ ಕತ್ತಿನ ಗರಿ ಕೇಳಿದೆ. "ಗರಿ ಯಾಕೆ ಮೇಡಂ?" ಎಂದು ನಗುತ್ತ ಕೊಟ್ಟ. ನಡುರಸ್ತೆಯಲ್ಲೇ ಎಳೆಗಳನ್ನು ಹಿಂದಕ್ಕೆ ಸವರಿ ಮೇಲ್ದುಟಿಗೆ ತಾಗಿಸಿಕೊಂಡೆ.

ಚುಚ್ಚಿತು. ತೇಲುತ್ತದೆ, ದೊಡ್ಡಪ್ಪ.