ಒಂದು ಗೇಣಿನ ಚಕ್ರ, ಅಣ್ಣನ ಸೈಕಲ್ಲು

ನನ್ನ ಅಣ್ಣನಷ್ಟು ಜಿಪುಣ ಇಡೀ ಸೊರಬ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ದುಡ್ಡಿನ ವಿಷಯದಲ್ಲಲ್ಲ, ಸೈಕಲ್ಲಿನ ವಿಷಯದಲ್ಲಿ. ನಾವು ಚಿಕ್ಕವರಿದ್ದಾಗ ಅಪ್ಪ ಒಂದು ಸೈಕಲ್ಲು ತಂದು ಜಗುಲಿಗೆ ಒರಗಿಸಿ, "ಇದು ನಿಮ್ಮಿಬ್ಬರಿಗೂ" ಎಂದಿದ್ದರು. ನಾನು ಕಿವಿಯಾರೆ ಕೇಳಿದ್ದೇನೆ. ಅಣ್ಣನಿಗೆ ಮಾತ್ರ ಕೇಳಿಸಲಿಲ್ಲ. ಅವನ ಹೈಸ್ಕೂಲು ಮುಗಿಯುವವರೆಗೆ ಅದರ ಬೆಲ್ಲು ಮುಟ್ಟಲೂ ನನ್ನನ್ನು ಬಿಡಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ಬಿದ್ದು ಕೈಕಾಲು ಮುರ್ಕಂಡ್ರೆ ನಿನ್ನ ಯಾರು ಮದ್ವೆ ಆಗ್ತಾರೆ?" ಬೆಳಿಗ್ಗೆ ಹ್ಯಾಂಡಲ್ಲು ಹಿಡಿದು ತಳ್ಳಿಕೊಂಡು ಓಣಿ ದಾಟುತ್ತಿದ್ದ, ಸಂಜೆ ಬೆವರು ಸುರಿಸುತ್ತ ತಳ್ಳಿಕೊಂಡೇ ಬರುತ್ತಿದ್ದ. ಓಣಿ ತುಂಬ ಕಲ್ಲು, ಹತ್ತಿದರೆ ಟೈರು ಹಾಳಾಗುತ್ತದೆ ಎನ್ನುತ್ತಿದ್ದ. ಅಷ್ಟು ಜೋಪಾನ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನಾನು ಎಲ್ಲೂ ಬೀಳದೆ ಮದುವೆಯಾದೆ. ಶಿಕಾರಿಪುರಕ್ಕೆ ಬಂದು ಹೊಲಿಗೆ ಅಂಗಡಿ ಹಾಕಿದೆ. ಪೇಟೆಯ ಅರ್ಧ ಹೆಂಗಸರ ಸುತ್ತಳತೆ ನನಗೆ ಬಾಯಿಪಾಠ. ಹಾಗಾಗಿ ಯಾರೂ ನನ್ನ ಹತ್ತಿರ ಜಗಳಕ್ಕೆ ಬರುವುದಿಲ್ಲ. ಸೈಕಲ್ಲಿನ ಮಾತನ್ನು ಮಾತ್ರ ಮರೆಯಲಿಲ್ಲ, ಪ್ರತಿ ಹಬ್ಬಕ್ಕೂ ಎತ್ತುತ್ತಿದ್ದೆ. ಅಣ್ಣ ಈಗ ಆನವಟ್ಟಿಯಲ್ಲಿ ಮನೆ ಕಟ್ಟಿಸಿದ್ದಾನೆ. ಸೈಕಲ್ಲು ಅಲ್ಲಿನ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಕೊಡು ಎಂದರೆ, "ಈ ವಯಸ್ಸಿಗೆ ನಿಂಗ್ಯಾಕೆ ಸೈಕಲ್ಲು, ಮಾರಾಯ್ತಿ?" ಎನ್ನುತ್ತಾನೆ. ನನಗೆ ಬೇಕಿತ್ತು, ಅಷ್ಟೇ. ಅಪ್ಪ ಕೊಟ್ಟದ್ದರಲ್ಲಿ ಅರ್ಧ ನನ್ನದು.

ನನ್ನ ಅಂಗಡಿಯ ಪಕ್ಕದಲ್ಲಿ ಒಬ್ಬ ಸಾಬರ ವೆಲ್ಡಿಂಗ್ ಶಾಪಿದೆ. ಗೇಟು, ಕಿಟಕಿ ಸರಳು ಅವರ ಕೆಲಸ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಗುಜರಿ ರಾಶಿಯಲ್ಲಿ, ಮಕ್ಕಳ ಮೂರು ಚಕ್ರದ ಸೈಕಲ್ಲಿನ ಮುಂದಿನ ಚಕ್ರವೊಂದು ಬಿದ್ದಿತ್ತು. ಒಂದು ಗೇಣು ಅಗಲ, ಪೆಡಲು ನೇರ ಚಕ್ರಕ್ಕೇ ಕೂತಿತ್ತು, ಚೈನಿಲ್ಲ, ಬ್ರೇಕಿಲ್ಲ. ಅದೇ ವಾರ ಫೋನಿನಲ್ಲಿ ಯಾರೋ ಅಂಥದೇ ಒಂಟಿ ಚಕ್ರದ ಮೇಲೆ ಕೂತು ಓಡಾಡುವುದನ್ನು ನೋಡಿ ನನ್ನ ತಲೆ ಕೆಟ್ಟಿತ್ತು. ಇದಕ್ಕೊಂದು ಕಂಬ, ಮೇಲೊಂದು ಸೀಟು ಹಚ್ಚಿಕೊಡಿ ಎಂದೆ.

"ಯಾರಿಗ್ರೀ ಅಕ್ಕಾ, ಸರ್ಕಸ್‌ನೋರಿಗೇನು?"

"ನನಗೇ."

ಅವರು ಚಾಕ್‌ಪೀಸು ತೆಗೆದು ನನ್ನ ಕಾಲಿನ ಅಳತೆಯನ್ನು ಗೋಡೆಯ ಮೇಲೆ ಗೀಚಿಕೊಂಡರು. ಎರಡು ದಿನಕ್ಕೆ ಗಾಡಿ ತಯಾರಾಯಿತು. ಚಕ್ರ ಚಿಕ್ಕದು, ಕ್ರ್ಯಾಂಕು ಉದ್ದವಾದರೆ ಪೆಡಲು ನೆಲಕ್ಕೆ ಉಜ್ಜುತ್ತದೆ ಎಂದು, ಪೆಡಲು ಕೂರುವ ಆ ಎರಡು ತುಂಡನ್ನೂ ಕತ್ತರಿಸಿ ನಾಲ್ಕು ಬೆರಳಿಗೆ ಇಳಿಸಿದ್ದರು. ಸೀಟಿಗೆ ಮೆತ್ತೆ ನಾನೇ ಹೊಲಿದೆ. ಸೀರೆ ಚಕ್ರಕ್ಕೆ ಸಿಗುತ್ತದೆಂದು ಒಂದು ಪ್ಯಾಂಟನ್ನೂ ಹೊಲಿದುಕೊಂಡೆ.

ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ, ಎರಡೂ ಗೋಡೆಗೆ ಕೈಯೂರಿ ಕಲಿಯಲು ಶುರು ಮಾಡಿದೆ. ಗಿಡ್ಡ ಕ್ರ್ಯಾಂಕಿನ ಕಷ್ಟ ಹತ್ತಿದವರಿಗೇ ಗೊತ್ತು. ಕಾಲು ಬೋಗುಣಿಯಷ್ಟು ಜಾಗದಲ್ಲಿ ಗಿರಗಿರ ತಿರುಗಬೇಕು. ಎಷ್ಟು ಒತ್ತಿದರೂ ಬಲ ಸಿಗುವುದಿಲ್ಲ, ನಿಲ್ಲಿಸೋಣವೆಂದರೆ ಅದಕ್ಕೂ ಬಲ ಸಾಲುವುದಿಲ್ಲ. ಚಕ್ರವೋ, ಒಂದು ಹರಳು ಸಿಕ್ಕರೂ ಮುಷ್ಕರ ಹೂಡುತ್ತದೆ. ಆದರೆ ಮಿಶನ್ನು ತುಳಿದ ಪಾದ ನನ್ನದು, ಸಣ್ಣ ಜಾಗದಲ್ಲಿ ಬೇಗ ಬೇಗ ಆಡುವುದು ಅದಕ್ಕೆ ಹೊಸದಲ್ಲ. ವಾರದೊಳಗೆ ಗೋಡೆ ಬಿಟ್ಟೆ.

ಬಿಟ್ಟ ಮೇಲೆ ದಿನಾ ಬಿದ್ದೆ, ಅದೂ ಬಲಕ್ಕೇ. ಮೊಣಕೈ ಸಿಪ್ಪೆ ಸುಲಿದು ಹೋಯಿತು. ಗ್ಯಾಸು ಆರಿಸಿ ಎರಡು ದಿನ ನನ್ನನ್ನೇ ನೋಡಿದ ಸಾಬರು ಕೇಳಿದರು, "ಅಕ್ಕಾ, ಬಲಗೈಯಾಗ ಏನು ಹುಡುಕ್ತೀರಿ?"

ಆಗ ನನಗೆ ಹೊಳೆಯಿತು. ಹೊಲಿಯುವವರು ಮಿಶನ್ನು ನಿಲ್ಲಿಸುವುದು ಬಲಗಡೆಯ ಚಕ್ರದ ಮೇಲೆ ಅಂಗೈ ಒತ್ತಿ. ಗಾಡಿ ಜೋರಾದಾಗಲೆಲ್ಲ ನನ್ನ ಕೈ, ಇಲ್ಲದ ಆ ಚಕ್ರವನ್ನು ಒತ್ತಲು ಹೋಗುತ್ತಿತ್ತು. ಹಿಂದೆಯೇ ನಾನೂ ಹೋಗುತ್ತಿದ್ದೆ. ಬೇರೆ ಯಾರೂ ಈ ಕಾರಣಕ್ಕೆ ಬೀಳಲಾರರು. ಕೊರಳಲ್ಲಿ ನೇತಾಡುವ ಅಳತೆ ಟೇಪಿನ ಎರಡು ತುದಿಯನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಕೈಗೆ ಕೆಲಸ ಸಿಕ್ಕಿತು, ನಾನು ಬೀಳಲಿಲ್ಲ. ಸಂದಿಯ ಕೊನೆಯಲ್ಲಿ ನಿಲ್ಲಿಸಲು ಗೊತ್ತಿಲ್ಲದೆ ಗೋಡೆಗೆ ಗುದ್ದಿದೆ, ಆ ಮಾತು ಬೇರೆ.

ದೀಪಾವಳಿಗೆ ಕರೆಯಲು ಅಣ್ಣ ಬಂದದ್ದು ಆ ಹೊತ್ತಿಗೇ. ಗೋಡೆಗೆ ಅಂಟಿಕೊಂಡಿದ್ದ ನನ್ನನ್ನು ನೋಡಿ, ಸಂದಿಯ ಬಾಯಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಎರಡು ಚಕ್ರದ್ದೇ ಬರಲ್ಲ, ಇವಳಿಗೆ ಒಂದು ಚಕ್ರದ್ದು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಮನೆ ಕಣದಲ್ಲಿ ಗೇಟಿನಿಂದ ಮೆಟ್ಟಿಲವರೆಗೆ ಕಾಲು ನೆಲಕ್ಕೆ ತಾಗಿಸದೆ ಬಂದರೆ ಸೈಕಲ್ಲು ಕೊಡುತ್ತೀಯೋ ಎಂದೆ. "ಬಿದ್ರೆ?" ಎಂದ. ಬಿದ್ದರೆ ಸಾಯುವವರೆಗೂ ಸೈಕಲ್ಲಿನ ಹೆಸರೆತ್ತುವುದಿಲ್ಲ ಎಂದೆ. ಸಾಬರೇ ಸಾಕ್ಷಿ. ಅಣ್ಣ ಹಾಲು ಕುಡಿದಷ್ಟು ಖುಷಿಯಲ್ಲಿ ಬಸ್ಸು ಹತ್ತಿದ.

ಹಬ್ಬದ ದಿನ ಗಾಡಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಆನವಟ್ಟಿಗೆ ಹೋದೆ. ನೋಡಿದರೆ ಅಣ್ಣ ಸಿಮೆಂಟಿನ ಕಣದ ತುಂಬ ಮೆಕ್ಕೆಜೋಳ ಹರವಿದ್ದಾನೆ. "ಒಣಗಬೇಕಲ್ಲೇ" ಎಂದ, ಮುಖದಲ್ಲಿ ನಾಚಿಕೆ ಎನ್ನುವುದೇ ಇಲ್ಲ. ಒಂದು ಕಾಳು ಚಕ್ರದಡಿ ಸಿಕ್ಕರೂ ನನ್ನ ಕಥೆ ಮುಗಿಯುತ್ತಿತ್ತು. ಅತ್ತಿಗೆ ಪೊರಕೆ ತಂದುಕೊಟ್ಟಳು. ಕಾಳನ್ನು ಆಚೀಚೆ ಸರಿಸಿ, ಸೀರೆಯ ಅರ್ಧ ಪನ್ನದಷ್ಟು ಅಗಲದ ದಾರಿ ಗುಡಿಸಿಕೊಂಡೆ.

ಗೇಟು ಹಿಡಿದು ಹತ್ತಿದೆ. ಟೇಪಿನ ತುದಿ ಬಿಗಿ ಹಿಡಿದೆ. ಕಾಲು ತಾಗಿದ್ದನ್ನು ಕಣ್ಣಾರೆ ಹಿಡಿಯಬೇಕೆಂದು ಅಣ್ಣ ಮೆಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ನನ್ನ ಪಾದವನ್ನೇ ದಿಟ್ಟಿಸುತ್ತಿದ್ದ. ಅರ್ಧ ದಾರಿ ದಾಟಿದೆ. ಸೋತರೆ ಬರೀ ಸೈಕಲ್ಲಲ್ಲ, ಅದಕ್ಕಾಗಿ ಜಗಳವಾಡುವ ಹಕ್ಕೂ ಹೋಗುತ್ತದೆ ಎಂದು ಭಯವಾಯಿತು. ಮೆಟ್ಟಿಲು ಎದುರಿಗೆ ಬಂತು. ನಿಲ್ಲಿಸಬೇಕು. ಬಲಗೈ ಟೇಪು ಬಿಟ್ಟು, ತನ್ನ ಹಳೇ ಚಾಳಿಯಂತೆ ಪಕ್ಕಕ್ಕೆ ಹೋಗಿ ಒತ್ತಿತು. ಸರಿಯಾಗಿ ಮಿಶನ್ನಿನ ಚಕ್ರದ ಜಾಗದಲ್ಲಿ, ಅಷ್ಟೇ ದುಂಡಗೆ, ಅಷ್ಟೇ ನುಣ್ಣಗೆ, ಅಣ್ಣನ ಬೋಳುತಲೆ ಇತ್ತು. ಗಾಡಿ ನಿಂತಿತು.

ಪಾದ ಎರಡೂ ಪೆಡಲಿನ ಮೇಲಿದ್ದವು. ನನ್ನ ಅಂಗೈಯ ಕೆಳಗಿನಿಂದ ಅಣ್ಣ, "ಇದು ಲೆಕ್ಕಕ್ಕಿಲ್ಲ" ಎಂದ.

"ಕಾಲು ನೆಲಕ್ಕೆ ತಾಗ್ಲಿಲ್ಲಲ್ಲ. ನಿಮ್ಮ ತಲೆ ನೆಲ ಅಲ್ಲ" ಎಂದು ಅತ್ತಿಗೆ ತೀರ್ಪು ಕೊಟ್ಟಳು.

ಅಣ್ಣ ಕೊಟ್ಟಿಗೆಗೆ ಹೋಗಿ ಸೈಕಲ್ಲು ತಳ್ಳಿಕೊಂಡು ಬಂದ. ಹೊಸ ಟೈರು, ಎಣ್ಣೆ ಹಾಕಿದ ಚೈನು, ಬೆಲ್ಲು ಫಳಫಳ. ಇಷ್ಟು ಚೆನ್ನಾಗಿ ಇಟ್ಟವನಿಂದ ಕಿತ್ತುಕೊಳ್ಳುತ್ತಿದ್ದೇನಲ್ಲ ಎಂದು ಮನಸ್ಸು ಕರಗಿತು. "ಹೋಗ್ಲಿ, ಕೊನೇ ಸಲ ಒಂದು ಸುತ್ತು ಹೊಡ್ದು ಕೊಡು" ಎಂದೆ.

ಅವನು ಹತ್ತಲಿಲ್ಲ. ಹ್ಯಾಂಡಲ್ಲು ಹಿಡಿದು ನಿಂತೇ ಇದ್ದ. ಟೈರು ಹಾಳಾಗುವುದಕ್ಕೆ ಇಲ್ಲಿ ಕಲ್ಲಿಲ್ಲವಲ್ಲ ಎಂದೆ.

"ನಂಗೆ ಬರಲ್ಲ ಕಣೇ" ಎಂದ, ಮೆಲ್ಲಗೆ. "ಆವಾಗ್ಲೂ ಬರ್ತಿರ್ಲಿಲ್ಲ. ಎರಡು ಸಲ ಬಿದ್ದೆ, ಭಯ ಆಯ್ತು. ಅಪ್ಪಂಗೆ ಹೇಳೋಕೆ ನಾಚ್ಕೆ. ನೀನು ಕಲ್ತುಬಿಟ್ರೆ ಅನ್ನೋದು ಇನ್ನೂ ನಾಚ್ಕೆ."

ಹೈಸ್ಕೂಲಿಗೆ ಎರಡು ಮೈಲಿ. ಅಷ್ಟು ವರ್ಷವೂ ಆ ಕಬ್ಬಿಣವನ್ನು ಹೋಗುತ್ತ ಬರುತ್ತ ತಳ್ಳಿದ್ದಾನೆ. ಸುಮ್ಮನೆ ನಡೆದಿದ್ದರೆ ಬೇಗ ಮುಟ್ಟುತ್ತಿದ್ದ. ಇವನ ಮೇಲೆ ಅರ್ಧ ಆಯುಸ್ಸು ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಸಿಟ್ಟು ಬಂತು. ಮರುಕ್ಷಣವೇ ಬೆವರು ಸುರಿಸಿಕೊಂಡು ಓಣಿಗೆ ತಿರುಗುತ್ತಿದ್ದ ಆ ಪೆದ್ದನ ಮುಖ ನೆನಪಾಗಿ ಅಳುವೂ ಬಂತು.

"ಈಗ ಕಲ್ಸ್ತೀಯೇನೇ?" ಎಂದು ಅಣ್ಣ ಕೇಳಿದ.

ನಾನು ಟೇಪನ್ನು ಅವನ ಕೊರಳಿಗೆ ಹಾಕಿ, ಅವನ ಮಾತನ್ನು ಅವನಿಗೇ ವಾಪಸು ಕೊಟ್ಟೆ. "ಬಿದ್ದು ಕೈಕಾಲು ಮುರ್ಕಂಡ್ರೆ ನಿನ್ನ ಯಾರು ಮದ್ವೆ ಆಗ್ತಾರೆ?"

ಪೊರಕೆ ಹಿಡಿದು ಹಿಂದೆ ನಿಂತಿದ್ದ ಅತ್ತಿಗೆ ಹೇಳಿದಳು, "ಆ ತಪ್ಪು ನಾನು ಆಗ್ಲೇ ಮಾಡಿ ಆಗೈತೆ. ನೀನು ಕಲ್ಸು."