ಬ್ರೌಸಿಂಗಿಗೆ ಸಾಕಾಗಿದ್ದ ಲ್ಯಾಪ್‌ಟಾಪ್

ಕಳೆದ ಶನಿವಾರ ನಮ್ಮ ಡೈನಿಂಗ್ ಟೇಬಲ್ ಮೇಲೆ ಹೆಂಡತಿಯ ಲ್ಯಾಪ್‌ಟಾಪ್ ಅಂಗಾತ ಮಲಗಿತ್ತು. ಅದರ ಹೊಟ್ಟೆ ಬಿಚ್ಚಿದವನು ನಾನೇ. ಹನ್ನೊಂದು ಸ್ಕ್ರೂ ತೆಗೆದಿದ್ದೆ, ಒಂದು ಆಗಲೇ ಕಾಣೆಯಾಗಿತ್ತು.

"ಗ್ರಾಫಿಕ್ಸ್ ಕಾರ್ಡ್ ತಾನೇ? ಹಳೇದು ಕಿತ್ತು ಹೊಸದು ಹಾಕಿದ್ರಾಯ್ತು" ಎಂದು ಬೆಳಿಗ್ಗೆಯೇ ಘೋಷಿಸಿದ್ದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಇಲ್ಲಿನ ಕೆಂಟ್ ಎಂಬ ಊರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯ ಇಂಜಿನಿಯರ್ ಬೇರೆ. (ವಿಮಾನದ ಬಾಗಿಲು ಬಿಚ್ಚುವವನಿಗೆ ಲ್ಯಾಪ್‌ಟಾಪ್ ಯಾವ ಲೆಕ್ಕ?)

ನನ್ನ ಹೆಂಡತಿ ಸುಮಾ ಆರ್ಕಿಟೆಕ್ಟ್. ಮೈಸೂರಿನಲ್ಲಿ ಮನೆಗಳನ್ನು ಡಿಸೈನ್ ಮಾಡುತ್ತಿದ್ದವಳು. ನನ್ನ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದ ಮೇಲೆ ಆರು ವರ್ಷ ಕೆಲಸ ಮಾಡಲು ಅನುಮತಿಯೇ ಇರಲಿಲ್ಲ. ಈ ವರ್ಷ ಸಿಕ್ಕಿತು. ಹತ್ತಿರದ ವುಡಿನ್‌ವಿಲ್ ಊರಿನ ಒಂದು ಸಣ್ಣ ಡಿಸೈನ್ ಆಫೀಸು ಇಂಟರ್‌ವ್ಯೂಗೆ ಕರೆಯಿತು. ಸೋಮವಾರ ಒಂದು ಮನೆಯ ತ್ರೀ-ಡಿ ಮಾಡೆಲ್ ತರಬೇಕು, ಒಳಗೆಲ್ಲ ಓಡಾಡಿದ ಹಾಗೆ ತೋರಿಸಬೇಕು. ಅವಳ ಲ್ಯಾಪ್‌ಟಾಪೋ, ಮನೆಯ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹ್ಯಾಂಗ್. ಮೂರು ದಿನದಿಂದ ಇದೇ ಗೋಳು.

ಬಿಚ್ಚಿದ್ದೇನೋ ಆಯಿತು. ಕಾರ್ಡ್ ಎಲ್ಲಿ? ಟಾರ್ಚ್ ಹಿಡಿದು ಹುಡುಕಿದೆ. ಕೊನೆಗೆ ಮರ್ಯಾದೆ ಬಿಟ್ಟು, ಇಲ್ಲೇ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ಇಮ್ತಿಯಾಜ್ ಅವರನ್ನು ಕರೆದೆ. ಬೆಂಗಳೂರಿನವರು, ಹಾರ್ಡ್‌ವೇರ್ ಬಲ್ಲವರು. ನೋಡಿ ನಕ್ಕರು (ಪಾಪ, ಮೆಲ್ಲಗೆ).

"ಸಾರ್, ಇದ್ರಲ್ಲಿ ಬೇರೆ ಕಾರ್ಡೇ ಇಲ್ಲ. ಗ್ರಾಫಿಕ್ಸ್ ಕೆಲಸಾನೂ ಮುಖ್ಯ ಪ್ರಾಸೆಸರೇ ಮಾಡುತ್ತೆ, ಅದನ್ನ ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿದಾರೆ. ದೊಡ್ಡ ಕಂಪ್ಯೂಟರ್ ಆಗಿದ್ರೆ ಬದಲಾಯಿಸಬಹುದಿತ್ತು. ಇದಕ್ಕೆ ಬೇಕಾದ್ರೆ ಮೆಮೊರಿ ಹಾಕಬಹುದು, ಆದ್ರೆ ಈ ಕೆಲಸಕ್ಕೆ ಸಾಲಲ್ಲ. ಬೇರೆ ಲ್ಯಾಪ್‌ಟಾಪೇ ಬೇಕು." ಆಮೇಲೆ ಸುಮಾ ಕಡೆ ತಿರುಗಿದರು. "ಮೇಡಂ, ತಗೊಳ್ಳೋವಾಗ ಇಂಥ ಕೆಲಸಕ್ಕೆ ಅಂತ ಹೇಳಿರಲಿಲ್ವಾ?"

"ನಾನು ತಗೊಂಡಿದ್ದಲ್ಲ" ಎಂದಳು ಸುಮಾ. "ಇವರು ಹೊಸದು ತಗೊಂಡಾಗ ಇದು ನನಗೆ ಬಂತು."

ಅಯ್ಯೋ, ಹೌದಲ್ಲ! ನಮ್ಮಲ್ಲಿ ಇದು ಪದ್ಧತಿಯೇ ಅಲ್ಲವೇ? ಹೊಸದು ಗಂಡನಿಗೆ, ಹಳೇದು ಹೆಂಡತಿಗೆ. "ಬ್ರೌಸಿಂಗಿಗೆ ಸಾಕಲ್ವಾ" ಎನ್ನುವ ಮಾತು ಬೇರೆ. ಫೋನೂ ಅಷ್ಟೇ, ಕಾರೂ ಅಷ್ಟೇ. ಏನೋ ಉಪಕಾರ ಮಾಡಿದವರ ಹಾಗೆ ಕೊಡುತ್ತೇವೆ.

ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಜೋರಾದ ಗ್ರಾಫಿಕ್ಸ್ ಕಾರ್ಡೇ ಇದೆ. ಯಾತಕ್ಕೆ? ವಿಮಾನ ಹಾರಿಸುವ ಗೇಮ್ ಆಡಲಿಕ್ಕೆ! ಅವಳು ಮೂರು ದಿನ ಒದ್ದಾಡುತ್ತಿದ್ದಾಗ ನಾನು ಪಕ್ಕದ ಸೋಫಾದಲ್ಲಿ ಕೂತು ವಿಮಾನ ಇಳಿಸುತ್ತಿದ್ದೆ. ನಾಚಿಕೆಯಾಯಿತು, ಮುಚ್ಚಿಡುವುದೇನು?

ತಕ್ಷಣ ಅವಳ ಸಾಫ್ಟ್‌ವೇರನ್ನು ನನ್ನದಕ್ಕೆ ಹಾಕಿಕೊಟ್ಟೆ. ಸಂಜೆಯ ಹೊತ್ತಿಗೆ ಸುಮಾ ಆ ಮನೆಯ ಮೆಟ್ಟಿಲು ಹತ್ತಿ, ಮಹಡಿಯನ್ನೆಲ್ಲ ಸುತ್ತಿ ಬಂದಳು. ಲ್ಯಾಪ್‌ಟಾಪ್ ಒಂದು ಸಲವೂ ಹ್ಯಾಂಗ್ ಆಗಲಿಲ್ಲ. ಅವಳ ಮುಖ ನೋಡಬೇಕಿತ್ತು ನೀವು.

"ಅಲ್ಲ ಮಾರಾಯ್ತಿ, ನಿಮ್ಮದು ಕೊಡಿ ಅಂತ ಒಂದು ಮಾತು ಕೇಳಬಾರದಿತ್ತಾ?" ಎಂದೆ.

"ನೀವೇ ಕೊಡ್ತೀರೇನೋ ಅಂತ ಮೂರು ದಿನ ಕಾದೆ" ಎಂದಳು.